ಆಪ್ತಸಮಾಲೋಚಕರ ಬಳಿ ತೀರ್ಪು ಕೇಳಬೇಡಿ

ಎದೆಯುರಿ, ತಲೆಭಾರ, ರಾತ್ರಿ ನಿದ್ದೆಯಿಲ್ಲ, ಬೆಳಗ್ಗೆ ಏಳಲು ಮನಸ್ಸಿಲ್ಲ. ಸಾಮಾನ್ಯ ವೈದ್ಯರ ಚಿಕಿತ್ಸಾಲಯಕ್ಕೆ ದಿನವೂ ಬರುವ ದೂರುಗಳಿವು. ರಕ್ತ ಪರೀಕ್ಷೆ, ಇ.ಸಿ.ಜಿ., ಹೊಟ್ಟೆಯ ಸ್ಕ್ಯಾನಿಂಗ್ ಎಲ್ಲ ಮುಗಿದು ‘ಏನೂ ತೊಂದರೆಯಿಲ್ಲ’ ಎಂಬ ವರದಿ ಬಂದಾಗ ಕೆಲವರ ಮುಖದಲ್ಲಿ ಸಮಾಧಾನಕ್ಕಿಂತ ನಿರಾಸೆಯೇ ಹೆಚ್ಚು ಕಾಣುತ್ತದೆ. ತೊಂದರೆ ಇರುವುದು ನಿಜ, ಆದರೆ ಅದು ಸ್ಕ್ಯಾನಿಂಗ್‌ಗೆ ಸಿಗುವಂಥದ್ದಲ್ಲ ಎಂದು ವಿವರಿಸಿ, ‘ಒಮ್ಮೆ ಆಪ್ತಸಮಾಲೋಚಕರನ್ನು ಕಂಡು ಬನ್ನಿ’ ಎಂದು ಚೀಟಿ ಬರೆದುಕೊಟ್ಟರೆ ಎರಡು ಬಗೆಯ ಪ್ರತಿಕ್ರಿಯೆ ಬರುತ್ತದೆ.

ಮೊದಲನೆಯದು ನಿಮಗೆ ಗೊತ್ತಿರುವುದೇ. ‘ನಮಗೇನು ಹುಚ್ಚು ಹಿಡಿದಿದೆಯಾ ಡಾಕ್ಟ್ರೇ?’ ಈ ಅಂಜಿಕೆಯ ಬಗ್ಗೆ ಪತ್ರಿಕೆಗಳಲ್ಲಿ ಸಾಕಷ್ಟು ಬರೆದಾಗಿದೆ. ಅದು ಮೊದಲಿಗಿಂತ ಕಡಿಮೆಯೂ ಆಗಿದೆ. ನನಗೆ ಹೆಚ್ಚು ಚಿಂತೆ ತರುವವರು ಎರಡನೆಯ ಬಗೆಯವರು. ಅವರು ಧೈರ್ಯ ಮಾಡಿ ಹೋಗುತ್ತಾರೆ. ಆದರೆ ಒಂದೇ ಸಲ ಹೋಗುತ್ತಾರೆ.

‘ಹೋಗಿದ್ವಿ ಡಾಕ್ಟ್ರೇ. ಒಂದು ಗಂಟೆ ಕೂರಿಸಿಕೊಂಡ್ರು. ನಾವೇ ಮಾತಾಡಿದ್ವಿ, ಅವರು ಸುಮ್ಮನೆ ಕೇಳಿಸಿಕೊಂಡ್ರು. ಔಷಧಿನೂ ಬರೆಯಲಿಲ್ಲ, ಯಾರದು ತಪ್ಪು ಅಂತಲೂ ಹೇಳಲಿಲ್ಲ. ಅದಕ್ಕೆ ಎಂಟುನೂರು ರೂಪಾಯಿ!’

ಹೀಗೆ ಒಂದೇ ಭೇಟಿಗೆ ಕೈಬಿಟ್ಟವರು ಮತ್ತೆ ಆ ಕಡೆ ತಲೆ ಹಾಕುವುದಿಲ್ಲ. ‘ಅದನ್ನೂ ನೋಡಿಯಾಯಿತು’ ಎಂಬ ಪಟ್ಟಿಗೆ ಸಮಾಲೋಚನೆಯನ್ನು ಸೇರಿಸಿ ಬಿಡುತ್ತಾರೆ. ಆಮೇಲೆ ಉಳಿಯುವುದು ನಿದ್ದೆ ಮಾತ್ರೆ, ಇಲ್ಲವೇ ವಕೀಲರ ನೋಟಿಸು. ಅಲ್ಲಿಗೆ ಹೋಗುವ ಮುನ್ನ ಏನನ್ನು ನಿರೀಕ್ಷಿಸಬೇಕು, ಏನನ್ನು ನಿರೀಕ್ಷಿಸಬಾರದು ಎಂದು ಯಾರಾದರೂ ಹತ್ತು ನಿಮಿಷ ಕೂತು ಹೇಳಿದ್ದರೆ ಇವರಲ್ಲಿ ಅನೇಕರು ಇನ್ನೂ ಮೂರು ಸಲವಾದರೂ ಹೋಗುತ್ತಿದ್ದರು ಎಂಬುದು ನನ್ನ ಅಭಿಪ್ರಾಯ. ಆ ಹತ್ತು ನಿಮಿಷದ ಮಾತೇ ಈ ವಾರದ ಅಂಕಣ.

ನಮ್ಮಲ್ಲಿ ಮನೆಯ ಜಗಳ ಬಿಡಿಸುವ ಕ್ರಮ ಬೇರೆ. ಸೋದರಮಾವ ಬರುತ್ತಾರೆ, ಎರಡೂ ಕಡೆಯ ಹಿರಿಯರು ಜಗುಲಿಯಲ್ಲಿ ಕೂರುತ್ತಾರೆ, ಕಾಫಿ ಆಗುತ್ತದೆ, ಒಬ್ಬೊಬ್ಬರ ಅಹವಾಲು ಕೇಳಿ ‘ನೀನು ಹೀಗೆ ಮಾಡಬಾರದಿತ್ತು, ನೀನೂ ಸ್ವಲ್ಪ ಹೊಂದಿಕೊಂಡು ಹೋಗಮ್ಮ’ ಎಂದು ತೀರ್ಮಾನ ಕೊಟ್ಟು ಊಟ ಮಾಡಿ ಹೊರಡುತ್ತಾರೆ. ಅವರನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಎಷ್ಟೋ ಸಂಸಾರಗಳನ್ನು ಅವರು ಉಳಿಸಿದ್ದಾರೆ. ಆದರೆ ಆ ಕ್ರಮಕ್ಕೆ ಒಗ್ಗಿಹೋದ ನಾವು ಸಮಾಲೋಚಕರನ್ನೂ ಓದಿದ ಸೋದರಮಾವ ಎಂದೇ ಭಾವಿಸಿ ಹೋಗುತ್ತೇವೆ. ಅವರು ತೀರ್ಪು ಕೊಡದಿದ್ದರೆ ಅವರಿಗೇನೂ ಗೊತ್ತಿಲ್ಲ ಎಂದುಕೊಳ್ಳುತ್ತೇವೆ.

ಅವರು ತೀರ್ಪು ಕೊಡದಿರುವುದಕ್ಕೆ ಕಾರಣವಿದೆ. ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ 1942ರಷ್ಟು ಹಿಂದೆಯೇ, ಬುದ್ಧಿ ಹೇಳುವುದರಿಂದ, ಅಪ್ಪಣೆ ಕೊಡುವುದರಿಂದ ಮನಸ್ಸಿನ ತೊಡಕು ಬಿಡುವುದು ಕಡಿಮೆ, ತಲೆದೂಗುತ್ತ ಸರಿಯಾಗಿ ಕೇಳಿಸಿಕೊಂಡರೆ ತೊಂದರೆಯಲ್ಲಿರುವವರೇ ತಮ್ಮ ದಾರಿ ಕಾಣುತ್ತಾರೆ ಎಂದು ವಾದಿಸಿದರು. ಆಮೇಲೆ ಬೇರೆ ಪದ್ಧತಿಗಳು ಬಂದಿವೆ. ಈಗಿನ ಅನೇಕ ಸಮಾಲೋಚಕರು ರೋಜರ್ಸ್ ಹೇಳಿದ್ದಕ್ಕಿಂತ ಹೆಚ್ಚು ಮಾತಾಡುತ್ತಾರೆ, ಮನೆಗೆಲಸವನ್ನೂ ಕೊಡುತ್ತಾರೆ. ಆದರೂ ನಿಮ್ಮ ಬದುಕಿನ ನಿರ್ಧಾರ ನಿಮ್ಮದೇ ಎಂಬ ಮೂಲ ಬದಲಾಗಿಲ್ಲ. ವಿಚ್ಛೇದನ ಪಡೆಯಬೇಕೆ, ಕೆಲಸ ಬಿಡಬೇಕೆ, ಅತ್ತೆಯ ಮನೆಯಿಂದ ಬೇರೆ ಹೋಗಬೇಕೆ ಎಂಬ ಪ್ರಶ್ನೆಗೆ ನೇರ ಉತ್ತರ ಕೊಡುವ ಸಮಾಲೋಚಕರನ್ನು ಕಂಡರೆ ನನಗೆ ಅನುಮಾನವೇ ಹೆಚ್ಚು.

ಯಾರ ಬಳಿ ಹೋಗುವುದು?

ಇಲ್ಲಿ ಹೆಸರುಗಳ ಗೊಂದಲ ಬಹಳ. ಮನೋವೈದ್ಯರು ಎಂದರೆ ಎಂ.ಬಿ.ಬಿ.ಎಸ್. ಮುಗಿಸಿ ಮನೋವೈದ್ಯಕೀಯದಲ್ಲಿ ಎಂ.ಡಿ. ಅಥವಾ ಡಿಪ್ಲೊಮಾದಂಥ ಸ್ನಾತಕೋತ್ತರ ಪದವಿ ಪಡೆದವರು. ಔಷಧಿ ಬರೆಯುವ ಅಧಿಕಾರ ಇವರಿಗಿದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರು ವೈದ್ಯರಲ್ಲ. ಮನಶ್ಶಾಸ್ತ್ರದಲ್ಲಿ ಉನ್ನತ ಪದವಿ ಪಡೆದು ಆಸ್ಪತ್ರೆಯಲ್ಲಿ ತರಬೇತಾಗಿ, ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್.ಸಿ.ಐ.ನಲ್ಲಿ, ನೋಂದಣಿ ಮಾಡಿಸಿಕೊಂಡವರು. ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು ಕುಟುಂಬಗಳೊಂದಿಗೆ ಕೆಲಸ ಮಾಡುವುದರಲ್ಲಿ ಪಳಗಿದವರು. ಇವರಲ್ಲದೆ ಮನಶ್ಶಾಸ್ತ್ರದಲ್ಲಿ ಎಂ.ಎ. ಅಥವಾ ಎಂ.ಎಸ್‌ಸಿ. ಮಾಡಿ ಆಪ್ತಸಮಾಲೋಚನೆಯಲ್ಲಿ ತರಬೇತಿ ಪಡೆದವರೂ ಇದ್ದಾರೆ. ಸಂಸಾರದ ವಿರಸ, ಮಕ್ಕಳ ಓದಿನ ಚಿಂತೆ, ಆಪ್ತರ ಸಾವಿನ ದುಃಖ ಮುಂತಾದವಕ್ಕೆ ಇವರೇ ಸಾಕು.

ತೊಂದರೆಯೆಂದರೆ ವಾರಾಂತ್ಯದ ಶಿಬಿರದಲ್ಲಿ ಪ್ರಮಾಣಪತ್ರ ತೆಗೆದುಕೊಂಡವರೂ ‘ಕೌನ್ಸೆಲರ್’ ಎಂದು ಫಲಕ ಹಾಕಿರುತ್ತಾರೆ. 2021ರಲ್ಲಿ ಬಂದ ಪೂರಕ ಆರೋಗ್ಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆಯು ಇಂಥ ವೃತ್ತಿಗಳನ್ನು ತನ್ನ ವ್ಯಾಪ್ತಿಗೆ ತಂದಿದೆಯಾದರೂ ಎಚ್ಚರಿಕೆ ನಿಮ್ಮದೂ ಇರಬೇಕು. ಏನು ಓದಿದ್ದೀರಿ, ಎಲ್ಲಿ ತರಬೇತಿ ಪಡೆದಿರಿ, ದಂಪತಿಗಳೊಂದಿಗೆ ಎಷ್ಟು ವರ್ಷ ಕೆಲಸ ಮಾಡಿದ್ದೀರಿ ಎಂದು ಮೊದಲೇ ಕೇಳಿ. ಇದರಲ್ಲಿ ಸಂಕೋಚ ಬೇಡ. ಸೀರೆ ಕೊಳ್ಳುವಾಗ ಬಣ್ಣ ಬಿಡುತ್ತದೆಯೇ ಎಂದು ಹತ್ತು ಸಲ ಕೇಳುತ್ತೇವಲ್ಲ! ಸರಿಯಾಗಿ ಓದಿದವರು ಈ ಪ್ರಶ್ನೆಗೆ ಬೇಸರಪಡುವುದಿಲ್ಲ.

ಇನ್ನೊಂದು ಮಾತು. ಮೊದಲು ನಿಮ್ಮ ಮನೆ ವೈದ್ಯರನ್ನು ಕಂಡು ಹೋಗಿ. ಥೈರಾಯ್ಡ್ ಕೊರತೆ, ರಕ್ತಹೀನತೆ, ಬಿ12 ಜೀವಸತ್ವದ ಕೊರತೆ, ಹತೋಟಿಯಲ್ಲಿಲ್ಲದ ಸಕ್ಕರೆ ಕಾಯಿಲೆ ಇವೆಲ್ಲ ಖಿನ್ನತೆಯ ವೇಷದಲ್ಲಿ ಬರಬಲ್ಲವು. ಅವನ್ನು ಮಾತಿನಿಂದ ಗುಣಪಡಿಸಲಾಗದು.

ಮೊದಲ ದಿನ

ಮೊದಲ ಭೇಟಿ ಸಾಮಾನ್ಯವಾಗಿ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಮುಂದಿನವು ಮುಕ್ಕಾಲು ಗಂಟೆಯ ಆಸುಪಾಸು. ಅಲ್ಲಿ ಮಂಚವಿರುವುದಿಲ್ಲ, ಸಿನಿಮಾದಲ್ಲಿ ತೋರಿಸುವಂತೆ ಕಣ್ಣೆದುರು ಗಡಿಯಾರ ಆಡಿಸುವುದೂ ಇಲ್ಲ. ಎರಡು ಮೂರು ಕುರ್ಚಿ, ಒಂದು ಹೂಜಿ ನೀರು, ಮುಚ್ಚಿದ ಬಾಗಿಲು, ಅಷ್ಟೇ. ಯಾಕೆ ಬಂದಿರಿ, ಈಗಲೇ ಯಾಕೆ ಬಂದಿರಿ ಎಂಬಲ್ಲಿಂದ ಮಾತು ಶುರುವಾಗುತ್ತದೆ. ನಿದ್ದೆ, ಹಸಿವು, ಕೆಲಸ, ಸಾಲ, ಹುಟ್ಟಿದ ಮನೆ, ಮನೆಯಲ್ಲಿ ಯಾರಿಗಾದರೂ ಮಾನಸಿಕ ಕಾಯಿಲೆ ಇತ್ತೇ, ಕುಡಿತ ಎಷ್ಟು ಎಂದೆಲ್ಲ ಕೇಳುತ್ತಾರೆ. ದಾಂಪತ್ಯದ ಲೈಂಗಿಕ ವಿಷಯವನ್ನೂ ಕೇಳಬಹುದು. ನಮ್ಮವರು ಇಲ್ಲಿ ತಲೆ ತಗ್ಗಿಸಿ ‘ಎಲ್ಲ ಸರಿಯಾಗಿದೆ’ ಎಂದುಬಿಡುತ್ತಾರೆ. ಹೇಳಲು ಆಗದಿದ್ದರೆ ‘ಇದನ್ನು ಇನ್ನೊಂದು ದಿನ ಹೇಳುತ್ತೇನೆ’ ಎನ್ನಿ. ಹಾಗೆ ಹೇಳುವ ಹಕ್ಕು ನಿಮಗಿದೆ, ಸುಳ್ಳು ಹೇಳುವುದಕ್ಕಿಂತ ಅದು ಲೇಸು.

ಸಾಯಬೇಕು ಎನಿಸಿದೆಯೇ ಎಂದೂ ಕೇಳುತ್ತಾರೆ. ಇದನ್ನು ಕೇಳಿದ್ದಕ್ಕೆ ಗಾಬರಿಯಾದ ತಾಯಿಯೊಬ್ಬರು ‘ಇಲ್ಲದ ಯೋಚನೆಯನ್ನು ತಲೆಗೆ ತುಂಬಿಸಿದರು’ ಎಂದು ನನ್ನಲ್ಲಿ ದೂರಿದ್ದರು. ಹಾಗಾಗುವುದಿಲ್ಲ. ಕೇಳುವುದರಿಂದ ಆ ಯೋಚನೆ ಹುಟ್ಟುವುದಿಲ್ಲ. ಒಳಗೇ ಕುದಿಯುತ್ತಿರುವವರಿಗೆ ಯಾರೋ ಕೇಳಿದರಲ್ಲ ಎಂದು ಭಾರ ಇಳಿಯುತ್ತದೆ. ಅಂಥ ಯೋಚನೆ ಬಂದಿದ್ದರೆ ಮುಚ್ಚಿಡಬೇಡಿ. ಹೇಳಿದರೆ ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯೂ ಬೇಡ.

ಮೊದಲ ದಿನ ಅಳು ಬರುವುದು ಸರ್ವೇಸಾಮಾನ್ಯ. ಗಂಡಸರೂ ಅಳುತ್ತಾರೆ, ಆಮೇಲೆ ನಾಚಿಕೊಂಡು ಎರಡನೆಯ ಭೇಟಿ ತಪ್ಪಿಸುತ್ತಾರೆ. ಕೆಲವರಿಗೆ ಎರಡು ಮೂರು ಭೇಟಿಯ ನಂತರ ಮನಸ್ಸು ಇನ್ನಷ್ಟು ಕಲಕಿದಂತೆ ಆಗುತ್ತದೆ. ಬಾವಿಯ ಹೂಳೆತ್ತುವಾಗ ನೀರು ಬಗ್ಗಡವಾಗುತ್ತದಲ್ಲ, ಹಾಗೆ. ಆಗಲೇ ಬಿಟ್ಟುಬಿಡಬಾರದು, ‘ನನಗೆ ಹೀಗಾಗುತ್ತಿದೆ’ ಎಂದು ಸಮಾಲೋಚಕರಿಗೇ ಹೇಳಬೇಕು. ಸಾಮಾನ್ಯ ತೊಂದರೆಗಳಿಗೆ ವಾರಕ್ಕೊಂದರಂತೆ ಆರರಿಂದ ಹನ್ನೆರಡು ಭೇಟಿ ಬೇಕಾಗುತ್ತದೆ ಎಂದಿಟ್ಟುಕೊಳ್ಳಿ. ನಾಲ್ಕನೆಯ ಭೇಟಿಯ ಹೊತ್ತಿಗೆ ಏನೂ ಪ್ರಯೋಜನ ಕಾಣದಿದ್ದರೆ ನೇರವಾಗಿ ಕೇಳಿ. ಬೇಕಿದ್ದರೆ ಬೇರೆಯವರ ಬಳಿ ಹೋಗಿ. ಒಬ್ಬ ವೈದ್ಯರ ಔಷಧಿ ಹಿಡಿಸದಿದ್ದರೆ ಇನ್ನೊಬ್ಬರ ಬಳಿ ಹೋಗುವುದಿಲ್ಲವೇ?

ಔಷಧಿಯ ವಿಚಾರವನ್ನು ಇಲ್ಲೇ ಹೇಳಿಬಿಡುತ್ತೇನೆ. ಖಿನ್ನತೆ ತೀವ್ರವಾಗಿದ್ದರೆ ಮಾತು ಮಾತ್ರ ಸಾಲದು, ಮನೋವೈದ್ಯರ ಗುಳಿಗೆಯೂ ಬೇಕು. ಖಿನ್ನತೆಯ ಗುಳಿಗೆಗಳೂ ನಿದ್ದೆ ಮಾತ್ರೆಗಳೂ ಒಂದೇ ಅಲ್ಲ. ಚಟ ಹತ್ತಿಸುವ ಅಪಾಯ ಇರುವುದು ನಿದ್ದೆ ಮಾತ್ರೆಗಳಿಗೆ. ಖಿನ್ನತೆಯ ಗುಳಿಗೆಗೆ ಆ ಚಟವಿಲ್ಲ, ಆದರೆ ಅದನ್ನು ಏಕಾಏಕಿ ನಿಲ್ಲಿಸಬಾರದು, ಹಂತಹಂತವಾಗಿ ಇಳಿಸಬೇಕು. ‘ಗುಳಿಗೆ ಬಿಡಿ, ನನ್ನ ಮಾತು ಸಾಕು’ ಎನ್ನುವ ಸಮಾಲೋಚಕರ ಮಾತು ಕೇಳಬೇಡಿ.

ಒಳಗಿನ ಮಾತು ಹೊರಗೆ ಹೋಗುವುದೇ?

ಸಣ್ಣ ಊರುಗಳಲ್ಲಿ ಇದು ದೊಡ್ಡ ಪ್ರಶ್ನೆ. ಸಮಾಲೋಚಕರ ಮನೆ ನಿಮ್ಮದೇ ಬಡಾವಣೆಯಲ್ಲಿರಬಹುದು, ಮದುವೆ ಮನೆಯಲ್ಲಿ ಎದುರಾಗಬಹುದು. ಕಾನೂನು ಸ್ಪಷ್ಟವಾಗಿದೆ: 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆಯ ಪ್ರಕಾರ ಮಾನಸಿಕ ಕಾಯಿಲೆಗೆ ಚಿಕಿತ್ಸೆ ಪಡೆಯುವವರ ವಿವರಗಳನ್ನು ಗೋಪ್ಯವಾಗಿಡುವುದು ಚಿಕಿತ್ಸೆ ಕೊಡುವವರ ಕರ್ತವ್ಯ. ಕಾಯಿಲೆಯಲ್ಲದ ಸಂಸಾರ ತಾಪತ್ರಯಕ್ಕೂ ವೃತ್ತಿಧರ್ಮ ಅದೇ. ಇದಕ್ಕೆ ವಿನಾಯಿತಿ ಕೆಲವೇ. ನಿಮ್ಮ ಅಥವಾ ಬೇರೆಯವರ ಜೀವಕ್ಕೆ ಅಪಾಯವಿದ್ದರೆ, ನ್ಯಾಯಾಲಯ ಆದೇಶಿಸಿದರೆ, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿರುವುದು ಗೊತ್ತಾದರೆ ಅವರು ಹೇಳಲೇಬೇಕಾಗುತ್ತದೆ. ಕೊನೆಯದನ್ನು 2012ರ ಪೋಕ್ಸೊ ಕಾಯ್ದೆ ಕಡ್ಡಾಯ ಮಾಡಿದೆ. ಒಳ್ಳೆಯ ಸಮಾಲೋಚಕರು ಈ ವಿನಾಯಿತಿಗಳನ್ನು ಮೊದಲ ದಿನವೇ ತಿಳಿಸುತ್ತಾರೆ.

ಆದರೆ ನನ್ನ ಅನುಭವದಲ್ಲಿ ಗೋಪ್ಯತೆಗೆ ಅಪಾಯ ಬರುವುದು ಸಮಾಲೋಚಕರಿಂದಲ್ಲ, ಮನೆಯವರಿಂದ. ಸೊಸೆ ಒಳಗೆ ಏನು ಹೇಳಿದಳು ಎಂದು ತಿಳಿಯಲು ಮಾವನವರು ಸಮಾಲೋಚಕರಿಗೆ ಫೋನ್ ಮಾಡುತ್ತಾರೆ. ಅಲ್ಲಿ ಸಿಗದಿದ್ದರೆ ನನಗೆ ಮಾಡುತ್ತಾರೆ. ಮಗಳನ್ನು ಕರೆದುಕೊಂಡು ಹೋದ ತಂದೆ ‘ದುಡ್ಡು ಕೊಡುವವನು ನಾನು, ನನಗೆ ಹೇಳದೆ ಹೇಗೆ?’ ಎನ್ನುತ್ತಾರೆ. ಹಿರಿಯರಲ್ಲಿ ನನ್ನದೊಂದು ವಿನಂತಿ. ವಾಪಸು ಬರುವಾಗ ಆಟೋದಲ್ಲಿ ‘ಏನು ಕೇಳಿದರು, ಏನು ಹೇಳಿದೆ’ ಎಂದು ವಿಚಾರಣೆ ಮಾಡಬೇಡಿ. ದಾರಿಯಲ್ಲಿ ಒಂದು ಕಾಫಿ ಕುಡಿಸಿ, ಬೇರೆ ಮಾತಾಡಿ. ಅವರಾಗಿಯೇ ಹೇಳಿದರೆ ಕೇಳಿಸಿಕೊಳ್ಳಿ.

ಇಬ್ಬರೂ ಒಟ್ಟಿಗೆ ಹೋದಾಗ

ಒಂಬತ್ತು ವರ್ಷದ ಹುಡುಗನೊಬ್ಬನನ್ನು ತಾಯಿ ತಿಂಗಳಿಗೆ ಎರಡು ಸಲ ಕರೆತರುತ್ತಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) ಹೊಕ್ಕುಳ ಸುತ್ತ ನೋವು. ಜಂತುಹುಳುವಿನ ಔಷಧಿ ಆಯಿತು, ಮಲ ಮೂತ್ರ ಪರೀಕ್ಷೆ ಆಯಿತು, ಸ್ಕ್ಯಾನಿಂಗ್ ಆಯಿತು. ತೂಕ, ಎತ್ತರ ವಯಸ್ಸಿಗೆ ತಕ್ಕಂತಿವೆ. ಒಂದು ದಿನ ತಾಯಿಯನ್ನು ಹೊರಗೆ ಕೂರಿಸಿ ಹುಡುಗನನ್ನೇ ಕೇಳಿದೆ, ನೋವು ಯಾವಾಗ ಜಾಸ್ತಿ ಎಂದು. ‘ರಾತ್ರಿ ಊಟದ ಹೊತ್ತಿಗೆ’ ಎಂದ. ಆಗ ನಿನಗೇನು ಕೆಲಸ ಎಂದರೆ, ‘ಅಮ್ಮ ಹೇಳಿದ್ದನ್ನ ಅಪ್ಪಂಗೆ ಹೇಳಬೇಕು, ಅಪ್ಪ ಹೇಳಿದ್ದನ್ನ ಅಮ್ಮಂಗೆ ಹೇಳಬೇಕು’ ಎಂದ.

ಗಂಡ ಹೆಂಡತಿ ಒಂದೇ ಸೂರಿನಡಿ ಇದ್ದು, ನೇರ ಮಾತು ಬಿಟ್ಟು ಒಂದು ವರ್ಷದ ಮೇಲಾಗಿತ್ತು. ಗಂಡ ತನ್ನ ತಮ್ಮನ ಸಾಲಕ್ಕೆ ಜಾಮೀನು ಹಾಕಿದ್ದರು, ತಮ್ಮ ಕಟ್ಟಲಿಲ್ಲ, ಹೆಂಡತಿಯ ಬಳೆಗಳು ಬ್ಯಾಂಕಿಗೆ ಹೋದವು. ಇಬ್ಬರೂ ಓದಿದವರು, ನೌಕರಿಯಲ್ಲಿರುವವರು. ಮಗುವಿನ ಹೊಟ್ಟೆನೋವಿಗೆ ಔಷಧಿ ಅಂಗಡಿಯಲ್ಲಿಲ್ಲ ಎಂದು ತಿಳಿಹೇಳಿದ ಮೇಲೆ ಒಟ್ಟಿಗೆ ಸಮಾಲೋಚಕರಲ್ಲಿಗೆ ಹೋಗಲು ಒಪ್ಪಿದರು.

ಮೊದಲ ಭೇಟಿಯ ನಂತರ ಇಬ್ಬರೂ ಬೇರೆ ಬೇರೆಯಾಗಿ ನನ್ನಲ್ಲಿ ದೂರಿದರು. ‘ಅಷ್ಟೆಲ್ಲ ಹೇಳಿದರೂ ಅವರದು ತಪ್ಪು ಅಂತ ಒಂದು ಮಾತು ಆಡಲಿಲ್ಲ ಡಾಕ್ಟ್ರೇ’ ಎಂದು ಆಕೆ. ‘ಅವಳಿಗೆ ಬುದ್ಧಿ ಹೇಳುತ್ತಾರೆ ಅಂದುಕೊಂಡಿದ್ದೆ’ ಎಂದು ಆತ. ಇಬ್ಬರಿಗೂ ಸಮಾನ ಅಸಮಾಧಾನವಾಗಿದೆ ಎಂದರೆ ಸಮಾಲೋಚಕರು ತಮ್ಮ ಕೆಲಸವನ್ನು ಸರಿಯಾಗಿಯೇ ಶುರು ಮಾಡಿದ್ದಾರೆ ಎಂದು ಹೇಳಿ ಮತ್ತೆ ಕಳಿಸಿದೆ.

ದಂಪತಿ ಸಮಾಲೋಚನೆಯ ಮುಖ್ಯ ಅಂಶವೇ ಇದು. ಅಲ್ಲಿ ಗಂಡನೂ ರೋಗಿಯಲ್ಲ, ಹೆಂಡತಿಯೂ ರೋಗಿಯಲ್ಲ. ಇಬ್ಬರ ನಡುವಿನ ಸಂಬಂಧಕ್ಕೆ ಚಿಕಿತ್ಸೆ. ಒಬ್ಬರು ಮಾತಾಡುವಾಗ ಇನ್ನೊಬ್ಬರು ಬಾಯಿ ಹಾಕುವಂತಿಲ್ಲ ಎಂಬ ನಿಯಮವಿರುತ್ತದೆ. ‘ಅವರು ಈಗ ಏನು ಹೇಳಿದರು, ನಿಮ್ಮ ಮಾತಿನಲ್ಲಿ ಹೇಳಿ’ ಎಂದು ಕೇಳುತ್ತಾರೆ. ಕೇಳಲು ಸುಲಭ; ಹದಿನೈದು ವರ್ಷ ಸಂಸಾರ ಮಾಡಿದವರೂ ಇದರಲ್ಲಿ ತಡವರಿಸುತ್ತಾರೆ, ಏಕೆಂದರೆ ಎದುರಿನವರು ಮಾತಾಡುವಾಗ ನಾವು ಕೇಳಿಸಿಕೊಳ್ಳುತ್ತಿರುವುದಿಲ್ಲ, ಉತ್ತರ ಹೊಂದಿಸುತ್ತಿರುತ್ತೇವೆ. ಒಬ್ಬೊಬ್ಬರನ್ನೇ ಪ್ರತ್ಯೇಕವಾಗಿ ಕೂರಿಸಿ ಮಾತಾಡುವುದೂ ಉಂಟು. ಆಗ ಹೇಳಿದ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡುತ್ತಾರೆಯೇ ಇಲ್ಲವೇ ಎಂಬುದರಲ್ಲಿ ಸಮಾಲೋಚಕರಿಂದ ಸಮಾಲೋಚಕರಿಗೆ ಪದ್ಧತಿ ಬೇರೆ. ಹೇಳುವ ಮೊದಲೇ ಕೇಳಿ ತಿಳಿದುಕೊಳ್ಳುವುದು ಜಾಣತನ.

ಈ ದಂಪತಿಗೆ ಕೊಟ್ಟ ಮೊದಲ ಮನೆಗೆಲಸ ಬಹಳ ಸಣ್ಣದು. ಒಂದು ವಾರ ಮಗನ ಕೈಲಿ ಒಂದು ಮಾತನ್ನೂ ಹೇಳಿ ಕಳಿಸಬಾರದು. ಬೇಕಾದರೆ ಚೀಟಿ ಬರೆದಿಡಿ. ಎರಡನೆಯ ವಾರ, ರಾತ್ರಿ ಹತ್ತು ನಿಮಿಷ ಎದುರುಬದುರು ಕೂತು ಸಾಲದ ಮಾತು, ತಮ್ಮನ ಮಾತು ಬಿಟ್ಟು ಏನಾದರೂ ಮಾತಾಡಬೇಕು. ಮೊದಲ ಎರಡು ದಿನ ಕರೆಂಟ್ ಬಿಲ್ ಬಗ್ಗೆ ಮಾತಾಡಿದರಂತೆ! ಮೂರನೆಯ ಭೇಟಿಯಲ್ಲಿ ಆಕೆಯ ಬಾಯಿಂದ ಒಂದು ಮಾತು ಬಂತು: ‘ಕೇಳಿದ್ದರೆ ಬಳೆ ನಾನೇ ಬಿಚ್ಚಿಕೊಡುತ್ತಿದ್ದೆ.’ ತಮ್ಮನಿಗೆ ಸಹಾಯ ಮಾಡಿದ್ದಕ್ಕೆ ಹೆಂಡತಿಗೆ ಕೋಪ ಎಂದೇ ಅಲ್ಲಿಯವರೆಗೂ ಗಂಡ ತಿಳಿದಿದ್ದರು. ತನ್ನನ್ನು ಒಂದು ಮಾತು ಕೇಳಲಿಲ್ಲ ಎಂಬುದೇ ಆಕೆಯ ನೋವು ಎಂಬುದು ಅವರಿಗೆ ಹೊಳೆದಿರಲೇ ಇಲ್ಲ.

ಕಥೆಗಳಲ್ಲಾದರೆ ಇಲ್ಲಿಗೆ ಎಲ್ಲ ಸರಿಹೋಗಬೇಕು. ಹಾಗೇನೂ ಆಗಲಿಲ್ಲ. ಎಂಟು ಭೇಟಿಗಳಾದವು, ಒಂದೆರಡನ್ನು ಗಂಡ ತಪ್ಪಿಸಿದರು. ಸಾಲ ಇನ್ನೂ ತೀರಿಲ್ಲ. ಜಗಳವೂ ಆಗುತ್ತದೆ, ಆದರೆ ನೇರವಾಗಿ ಆಡುತ್ತಾರೆ, ಮಗನ ಮೂಲಕವಲ್ಲ. ಹುಡುಗನ ಹೊಟ್ಟೆನೋವು ನಾಲ್ಕೈದು ತಿಂಗಳಲ್ಲಿ ಕ್ರಮೇಣ ಕಡಿಮೆಯಾಯಿತು. ಈಗ ಅವನು ಬರುವುದು ನೆಗಡಿ ಜ್ವರಕ್ಕೆ.

ಇನ್ನು ಕೆಲವರು ಸಮಾಲೋಚನೆಯ ನಂತರ ಬೇರೆಯಾಗುವ ನಿರ್ಧಾರಕ್ಕೆ ಬರುತ್ತಾರೆ. ಹಿರಿಯರು ಆಗ ‘ಇದ್ದ ಸಂಸಾರವನ್ನೂ ಒಡೆದರು’ ಎಂದು ಸಮಾಲೋಚಕರನ್ನು ದೂರುತ್ತಾರೆ. ನಾನು ಒಪ್ಪುವುದಿಲ್ಲ. ಮಕ್ಕಳ ಎದುರು ಕೆಸರೆರಚಾಡದೆ, ಮಗು ಯಾರ ಬಳಿ, ಖರ್ಚು ಯಾರದು ಎಂದು ಮಾತಾಡಿಕೊಂಡು ಬೇರೆಯಾಗುವುದಕ್ಕೂ ಸಹಾಯ ಬೇಕು. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯೇ ಮೊದಲು ರಾಜಿಗೆ ಪ್ರಯತ್ನಿಸಬೇಕು, ಅದಕ್ಕೆ ಸಮಾಲೋಚಕರ ನೆರವು ಪಡೆಯಬಹುದು ಎನ್ನುತ್ತದೆ. ಆದರೆ ನ್ಯಾಯಾಲಯದ ಮೆಟ್ಟಿಲು ಹತ್ತುವ ಹೊತ್ತಿಗೆ ಎಷ್ಟೋ ಮಂದಿ ಮಾತಾಡುವ ಮನಸ್ಸನ್ನೇ ಕಳೆದುಕೊಂಡಿರುತ್ತಾರೆ. ಐದು ವರ್ಷ ಮೊದಲೇ ಹೋಗಬೇಕಾದಲ್ಲಿಗೆ ಈಗ ಹೋಗುತ್ತೇವೆ, ಅದೂ ಆದೇಶದ ಮೇಲೆ.

ಅತ್ತೆ ಮಾವ, ತಂದೆ ತಾಯಿ ಜತೆಯಲ್ಲಿ ಹೋಗಬೇಕೆ? ನಮ್ಮ ದೇಶದಲ್ಲಿ ಕುಟುಂಬವನ್ನು ಚಿಕಿತ್ಸೆಯಲ್ಲಿ ಸೇರಿಸಿಕೊಳ್ಳುವ ಪದ್ಧತಿಗೆ ಒಳ್ಳೆಯ ಇತಿಹಾಸವಿದೆ. ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ರೋಗಿಗಳ ಮನೆಯವರನ್ನು ಆವರಣದಲ್ಲಿ ಡೇರೆ ಹಾಕಿಸಿ ಇರಿಸಿಕೊಂಡು ಯಶಸ್ಸು ಕಂಡರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಕುಟುಂಬ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಆದರೆ ಹಿರಿಯರನ್ನು ಯಾವಾಗ ಕರೆಯಬೇಕು ಎಂಬುದನ್ನು ಸಮಾಲೋಚಕರು ಹೇಳಲಿ. ಅಲ್ಲಿಯವರೆಗೆ ಗಂಡ ಹೆಂಡತಿ ಇಬ್ಬರೇ ಹೋಗುವುದು ಸರಿ. ಒಬ್ಬರು ಬರಲು ಸುತರಾಂ ಒಪ್ಪದಿದ್ದರೆ ಇನ್ನೊಬ್ಬರು ಒಬ್ಬರೇ ಹೋಗಿ. ಸಾಮಾನ್ಯವಾಗಿ ಒಪ್ಪದವರು ಗಂಡಸರು. ‘ನನಗೇನೂ ಆಗಿಲ್ಲ, ಅವಳಿಗೆ ತೋರಿಸಿ’ ಎನ್ನುವ ಗಂಡಂದಿರಿಗೆ, ‘ನಿಮಗೆ ತೋರಿಸಲಿಕ್ಕಲ್ಲ ಸ್ವಾಮಿ, ನಿಮ್ಮ ಸಹಾಯ ಬೇಕಂತೆ’ ಎಂದು ಹೇಳಿ ಕಳಿಸುತ್ತೇನೆ. ಕೆಲವೊಮ್ಮೆ ಫಲಿಸುತ್ತದೆ.

ಹೊಡೆತ ಬಡಿತ ಇರುವ ಮನೆಯ ವಿಚಾರ ಮಾತ್ರ ಪೂರ್ತಿ ಬೇರೆ. ಅಲ್ಲಿ ಇಬ್ಬರನ್ನೂ ಒಟ್ಟಿಗೆ ಕೂರಿಸಿ ‘ಮನಸ್ಸು ಬಿಚ್ಚಿ ಮಾತಾಡಿ’ ಎಂದರೆ ಆಕೆ ಅಲ್ಲಿ ಆಡಿದ ಮಾತಿಗೆ ಮನೆಯಲ್ಲಿ ಏಟು ತಿನ್ನುತ್ತಾಳೆ. ಮೊದಲು ಆಕೆಯ ಸುರಕ್ಷತೆ, ಆಮೇಲೆ ಮಿಕ್ಕಿದ್ದು. ಕೌಟುಂಬಿಕ ಹಿಂಸೆಯಿಂದ ರಕ್ಷಣೆಗೆ 2005ರ ಕಾಯ್ದೆಯಿದೆ, ಮಹಿಳಾ ಸಹಾಯವಾಣಿ 181 ಇದೆ, ತಕ್ಷಣದ ಅಪಾಯಕ್ಕೆ 112 ಇದೆ. ಇಂಥ ಹೆಣ್ಣುಮಗಳಿಗೆ ‘ಹೊಂದಿಕೊಂಡು ಹೋಗು’ ಎಂಬ ಸಲಹೆ ಕೊಡುವವರು ಸೋದರಮಾವನಾಗಲಿ, ಸಮಾಲೋಚಕರಾಗಲಿ, ನನ್ನಂಥ ವೈದ್ಯರಾಗಲಿ, ತಮ್ಮ ಜವಾಬ್ದಾರಿಯಿಂದ ನುಣುಚಿಕೊಳ್ಳುತ್ತಿದ್ದಾರೆ ಎಂದೇ ಅರ್ಥ. ಗಂಡಸಿಗೆ ಈ ಸಲಹೆಯನ್ನು ಯಾರಾದರೂ ಕೊಟ್ಟಿದ್ದನ್ನು ನಾನು ಕೇಳಿದ್ದು ಅಪರೂಪ.

ಸಮಾಲೋಚಕರು ಬೇರೆ ಮನೆಗಳ ಕಥೆಯನ್ನು ಹೆಸರು ಹಿಡಿದು ಹೇಳಿದರೆ, ಜಾತಿ ಧರ್ಮದ ಮಾತೆತ್ತಿ ನಿಮ್ಮನ್ನು ಅಳೆದರೆ, ಹರಳು, ಯಂತ್ರ, ಪುಡಿ ಮಾರಿದರೆ, ಸಂಜೆ ಹೋಟೆಲಿನಲ್ಲಿ ಸಿಗೋಣ ಎಂದರೆ, ಮೈ ಮುಟ್ಟಿದರೆ ಎರಡನೆಯ ಯೋಚನೆ ಮಾಡದೆ ಎದ್ದು ಬನ್ನಿ. ‘ಮೂರೇ ದಿನದಲ್ಲಿ ಗುಣ’ ಎಂಬ ಜಾಹೀರಾತನ್ನೂ ಈ ಸಾಲಿಗೇ ಸೇರಿಸಿ.

ಖರ್ಚಿನ ಮಾತು. ಬೆಂಗಳೂರಿನಲ್ಲಿ ಖಾಸಗಿಯಾಗಿ ಒಂದು ಭೇಟಿಗೆ ಸಾವಿರ ರೂಪಾಯಿಗೂ ಮೇಲೆ ಕೊಡಬೇಕಾಗುವುದು ಸಾಮಾನ್ಯ. ಸಣ್ಣ ಊರುಗಳಲ್ಲಿ ಕಡಿಮೆ. ಮಧ್ಯಮ ವರ್ಗದವರಿಗೆ ಹತ್ತು ಭೇಟಿ ಎಂದರೆ ಹೊರೆಯೇ. ಹಾಗೆಂದು ದುಡ್ಡಿದ್ದವರಿಗೆ ಮಾತ್ರ ಎಂದುಕೊಳ್ಳಬೇಡಿ. ನಿಮ್ಹಾನ್ಸ್ 1985ರ ಸುಮಾರಿಗೆ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ಪ್ರಯೋಗಿಸಿದ ಮಾದರಿಯೇ 1996ರಿಂದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಗಿ ದೇಶಕ್ಕೆಲ್ಲ ಹರಡಿತು. ಜಿಲ್ಲಾ ಆಸ್ಪತ್ರೆಯ ಮಾನಸಿಕ ಆರೋಗ್ಯ ವಿಭಾಗದಲ್ಲಿ ವಿಚಾರಿಸಿ. ನಿಮ್ಮ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆ ಎಂಬುದೂ ಅಲ್ಲಿ ತಿಳಿಯುತ್ತದೆ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ. ವೈದ್ಯಕೀಯ ಕಾಲೇಜು ಆಸ್ಪತ್ರೆಗಳ ಮನೋವೈದ್ಯಕೀಯ ವಿಭಾಗದಲ್ಲಿ ಖರ್ಚು ಬಹಳ ಕಡಿಮೆ. ಅಲ್ಲಿ ಜನಜಂಗುಳಿ ಇರುತ್ತದೆ, ಮುಕ್ಕಾಲು ಗಂಟೆ ಸಿಗದಿರಬಹುದು. ಆದರೂ ಕೇಳಿದರೆ ಮನಶ್ಶಾಸ್ತ್ರಜ್ಞರ ಬಳಿ ಬೇರೆ ದಿನ ಗೊತ್ತುಮಾಡಿ ಕೊಡುವುದುಂಟು.

ಮನೆಯಿಂದ ಹೊರಡಲಾಗದವರಿಗೆ ಟೆಲಿ ಮಾನಸ್ ಇದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಈ ಸೇವೆಯ ಸಂಖ್ಯೆ 14416. ಹಗಲು ರಾತ್ರಿ ಕೆಲಸ ಮಾಡುತ್ತದೆ, ಶುಲ್ಕವಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಸಾಯುವ ಯೋಚನೆ ಕಾಡುತ್ತಿರುವವರು ಭೇಟಿಯ ದಿನಕ್ಕೆ ಕಾಯದೆ ಈಗಲೇ ಕರೆ ಮಾಡಿ, ಜತೆಗೆ ಮನೆಯಲ್ಲಿ ಒಬ್ಬರಿಗೆ ಹೇಳಿ.

ಭೇಟಿಯ ದಿನ ಗೊತ್ತಾದ ಮೇಲೆ ಈಗಾಗಲೇ ತೆಗೆದುಕೊಳ್ಳುತ್ತಿರುವ ಔಷಧಿಗಳ ಚೀಟಿ, ಇತ್ತೀಚಿನ ರಕ್ತ ಪರೀಕ್ಷೆಯ ವರದಿ ತೆಗೆದಿಟ್ಟುಕೊಳ್ಳಿ. ಹಿಂದಿನ ರಾತ್ರಿ ಒಂದು ಹಾಳೆಯಲ್ಲಿ, ಏನು ಬದಲಾದರೆ ನನಗೆ ಸಮಾಧಾನ ಎಂಬುದನ್ನು ಎರಡು ಮೂರು ಸಾಲು ಬರೆದುಕೊಳ್ಳಿ. ‘ಅವರು ಬದಲಾಗಬೇಕು’ ಎಂದಷ್ಟೇ ಬಂದರೂ ಹರಿದುಹಾಕಬೇಡಿ, ಅದನ್ನೇ ತೆಗೆದುಕೊಂಡು ಹೋಗಿ. ಹತ್ತು ನಿಮಿಷ ಮೊದಲೇ ತಲುಪಿ, ಮೊಬೈಲ್ ಸದ್ದು ಆರಿಸಿ, ಅದೇ ದಿನ ಬೇರೆ ಮದುವೆ ಮುಂಜಿ ಇಟ್ಟುಕೊಳ್ಳಬೇಡಿ. ಹೊರಡುವ ಮುನ್ನ ಎರಡನೆಯ ಭೇಟಿಯ ದಿನವನ್ನು ಅಲ್ಲೇ ಬರೆಸಿಕೊಂಡು ಬನ್ನಿ.